ಒಣಗದ ಗೆರೆ

ಬಿಸಿಲು ಕಟ್ಟೆಯ ಮೇಲೆ ಹತ್ತಿತು, ನೆಟ್ಟ ನಾಗರಕಲ್ಲು ಮೇಲಿನಿಂದ ಕೆಳಕ್ಕೆ ಒಣಗುತ್ತಿದೆ, ಮೊದಲು ಹೆಡೆ, ಆಮೇಲೆ ಕತ್ತು, ಆಮೇಲೆ ಒಂದರೊಳಗೊಂದು ಹೆಣೆದುಕೊಂಡ ಸುರುಳಿ, ಕಪ್ಪಗಿದ್ದದ್ದೆಲ್ಲ ಬೂದಿ ಬಣ್ಣಕ್ಕೆ ತಿರುಗುತ್ತಿದೆ, ಹಿತ್ತಲಲ್ಲಿ ಹರವಿದ ಪಂಚೆ ಒಣಗುವ ಹಾಗೆ, ಎಲ್ಲ ಕಡೆ ಒಣಗುತ್ತಿದೆ — ಅಲ್ಲೊಂದು ಕಡೆ ಬಿಟ್ಟು. ಎಡಗಡೆ ಹೆಡೆಯಲ್ಲಿ ಕಣ್ಣು ಮೂಡಬೇಕಾದ ಜಾಗದ ಪಕ್ಕ ಕೂದಲೆಳೆಯಷ್ಟು ಒದ್ದೆ. ನೀರಿನ ಹನಿ ಇಳಿದ ಜಾಡಿರಬೇಕು ಎಂದುಕೊಂಡ ಮೋಹನ್‌ಬಾಬು, ಇನ್ನೇನು ಆರುತ್ತದೆ, ಆರಲಿ, ಆರಪ್ಪ ನಾಗಪ್ಪ, ಎಂದು ನೋಡುತ್ತ ನಿಂತ, ಆರಲಿಲ್ಲ, ಸುತ್ತಲಿನ ಕಲ್ಲು ಬೆಳ್ಳಗಾದಷ್ಟೂ ಅದು ಕಪ್ಪಗಾಯಿತು, ಕಣ್ಣಿನ ಪಕ್ಕದಿಂದ ಕತ್ತಿಗೆ, ಕತ್ತಿನಿಂದ ಮೊದಲನೆಯ ಸುರುಳಿಗೆ, ಅಲ್ಲಿಂದ ಎರಡು ಹಾವುಗಳ ನಡುವಿನ ಲಿಂಗದ ಬುಡಕ್ಕೆ — ಹನಿ ಹೀಗೆ ಓರೆಯಾಗಿ ಇಳಿಯುವುದಿಲ್ಲ, ಹನಿ ಸುರುಳಿ ಹತ್ತಿ ದಾಟುವುದಿಲ್ಲ. ಒಳಗೆ ನೀರು ಕುಡಿದ ಜಾಗ ಮಾತ್ರ ಹೀಗೆ ಎಲ್ಲಕ್ಕಿಂತ ಕೊನೆಗೆ ಆರುತ್ತದೆ, ಇದನ್ನು ಅವನಿಗೆ ಹೇಳಿಕೊಟ್ಟ ವೆಂಕಟರಾಯಪ್ಪ ಆಚಾರ್ರು ಅಲ್ಲೇ, ಕಟ್ಟೆಯ ಮೂಲೆಯಲ್ಲಿ, ಟವೆಲ್ಲು ತಲೆಗೆ ಹಾಕಿಕೊಂಡು ಕೂತಿದ್ದಾರೆ. ಬಿರುಕು. ಆ ಮಾತು ಮನಸ್ಸಿಗೆ ಬಂದದ್ದೇ ತಡ ಅವನು ಸುಮ್ಮನೆ ಎರಡು ಹೆಜ್ಜೆ ಸರಿದು ಕಲ್ಲಿಗೂ ಅಕ್ಕನಿಗೂ ನಡುವೆ ನಿಂತುಕೊಂಡ.

ಅಕ್ಕ ಕಡೆಯ ಸುತ್ತು ಬರುತ್ತಿದ್ದಾಳೆ, ವಿದುರಾಶ್ವತ್ಥದ ಕಟ್ಟೆಯ ಸುತ್ತ, ಒದ್ದೆ ಸೀರೆ, ಒದ್ದೆ ಕೂದಲು, ಕೈಯಲ್ಲಿ ಹಾಲಿನ ತಂಬಿಗೆ, ತುಟಿ ಅಲ್ಲಾಡುತ್ತಿದೆ. ಸುತ್ತಲೂ ನಾಗರಕಲ್ಲು, ಎಷ್ಟೋ ಊರುಗಳ ಎಷ್ಟೋ ಮನೆಗಳ ಕಲ್ಲು, ಬಸ್ಸಿಗೆ ಕಾದ ಜನರ ಹಾಗೆ ಒತ್ತೊತ್ತಾಗಿ ನಿಂತಿವೆ, ಕೆಲವಕ್ಕೆ ನಿನ್ನೆಯ ಅರಿಸಿನ, ಕೆಲವಕ್ಕೆ ಅಜ್ಜಿ ಕಾಲದ ಪಾಚಿ, ಇವುಗಳಲ್ಲಿ ಒಂದಾಗಬೇಕು ಇದು, ಮೋಹನ್‌ಬಾಬು ಒಬ್ಬನೇ ಕೂತು ಕೆತ್ತಿದ ಮೊದಲನೆಯ ಕಲ್ಲು, ಅವನ ಅಕ್ಕ ಕವಿತಳ ಹೆಸರಿನಲ್ಲಿ. ಅಕ್ಕನ ಅತ್ತೆ ವರಲಕ್ಷ್ಮಮ್ಮ ಹೂವು ಬಿಡಿಸುತ್ತ ಕೂತಿದ್ದಾರೆ, ಭಾವ ತೆಂಗಿನಕಾಯಿ ಸುಲಿಯುತ್ತಿದ್ದಾನೆ, ಅಭ್ಯಾಸವಿಲ್ಲದ ಕೈ, ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಗುಮಾಸ್ತನಾದವನಿಗೆ ಕಾಯಿ ಸುಲಿಯಲು ಯಾರು ಕಲಿಸಿದರು, ಪುರೋಹಿತರು ಪುಟ್ಟಸ್ವಾಮಯ್ಯನವರು ಫೋನಿನಲ್ಲಿ ಇನ್ಯಾರಿಗೋ ಗೃಹಪ್ರವೇಶದ ಹೊತ್ತು ಹೇಳುತ್ತಿದ್ದಾರೆ, ಹೂಂ ಹೂಂ, ಇಲ್ಲೊಂದು ನಾಗಪ್ರತಿಷ್ಠೆ, ಮುಗಿಸಿ ಬರ್ತೀನಿ. ಎಲ್ಲರೂ ಎಷ್ಟು ನಿರಾಳವಾಗಿದ್ದಾರೆ. ಒಬ್ಬರಾದರೂ ಕಲ್ಲನ್ನು ಸರಿಯಾಗಿ ನೋಡಬಾರದೇ ಎನಿಸಿತು, ತಕ್ಷಣ ಬೇಡ, ಯಾರೂ ನೋಡಬೇಡಿ, ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ ಎನಿಸಿತು. ಏನೋ ಮೋಹನಾ, ಮುಖ ಹಂಗಿದೆ, ಏನೂ ತಿಂದಿಲ್ವಾ, ವರಲಕ್ಷ್ಮಮ್ಮನವರು ಕೇಳಿದರು, ಇಲ್ಲ ಅತ್ತೆ, ತಿಂದೆ. ಒಳ್ಳೆಯ ಹೆಂಗಸು, ಸೊಸೆಗೆ ಒಂದು ದಿನ ಬಿರುಸು ಮಾತಾಡಿದವರಲ್ಲ, ಬಂಜೆ ಎಂಬ ಮಾತನ್ನು ನೆಂಟರ ಬಾಯಿಂದಲೇ ಕಿತ್ತು ಹಾಕಿದವರು, ಕೆಟ್ಟವರಾಗಿದ್ದರೆ ಎಷ್ಟು ಸುಲಭವಿತ್ತು, ನಿಮ್ಮ ಪಾಪಕ್ಕೆ ಕಲ್ಲು ಬಿರಿಯಿತು ಎಂದು ಅವರ ಮೇಲೆ ಹಾಕಬಹುದಿತ್ತು.

ಸೋಮವಾರ ಆಸ್ಪತ್ರೆ, ಗರ್ಭ ಕಟ್ಟಿಸಲು ಮೂರನೆಯ ಸಲ. ಬೆಂಗಳೂರಿನ ಆ ಆಸ್ಪತ್ರೆಯ ಗಾಜಿನ ಬಾಗಿಲು, ಒಳಗಿನ ತಣ್ಣನೆ ಗಾಳಿ, ಅಕ್ಕನನ್ನು ಎರಡು ಸಲ ಒಳಗೆ ಕರೆದುಕೊಂಡು ಹೋಗಿ ಎರಡು ಸಲ ಹಾಗೇ ಕಳಿಸಿದ್ದಾರೆ, ಮೊದಲನೆಯದು ಹಿಡಿಯಲೇ ಇಲ್ಲ, ಎರಡನೆಯದು ಹಿಡಿದು ಬಿಟ್ಟುಹೋಯಿತು, ದೇಹದಲ್ಲಿ ಏನೂ ಕೊರತೆ ಇಲ್ಲಮ್ಮ, ಮನಸ್ಸು ಹಗುರ ಇಟ್ಕೊಳ್ಳಿ, ಇನ್ನೊಂದ್ಸಲ ನೋಡಣ ಎಂದರಂತೆ ಡಾಕ್ಟರಮ್ಮ. ಎರಡನೆಯದಾದ ಮೇಲೆ ಅಕ್ಕ ಗೋಡೆ ಕಡೆ ತಿರುಗಿ ಮಲಗಿದವಳು ಏಳಲಿಲ್ಲ, ಅವನು ಎಳನೀರು ತೆಗೆದುಕೊಂಡು ಹೋಗಿದ್ದ, ಅದು ಮಂಚದ ಪಕ್ಕದಲ್ಲಿ ಹಾಗೇ ಹುಳಿಯಾಯಿತು, ಇನ್ನೊಂದ್ಸಲ ಹೋಗಕ್ಕೆ ನನ್ನ ಕೈಲಿ ಆಗಲ್ಲ ಕಣೋ, ನಂಗೆ ಧೈರ್ಯ ಇಲ್ಲ, ನಿಮ್ಮ ಭಾವಂಗೆ ಹೇಳ್ಬಿಡು, ನಾನ್ ಹೇಳಕ್ಕಾಗಲ್ಲ. ಆಗ ಅವನು, ಬಾಯಿ ಸುಮ್ಮನಿರಬಾರದೇ, ಆಚಾರ್ರು ನಂಗೊಂದು ಕಲ್ಲು ಕೊಡ್ತೀನಿ ಅಂದಿದಾರೆ ಅಕ್ಕ, ನಂದೇ ಸ್ವಂತ, ಜೋಡಿನಾಗರ, ನಿಂಗೇ ಮಾಡ್ತೀನಿ ಎಂದ. ಅಕ್ಕ ಈ ಕಡೆ ತಿರುಗಿದಳು. ಎದ್ದು ಕೂತಳು, ಕೂದಲು ಗಂಟು ಹಾಕಿಕೊಂಡಳು, ನಿಜವಾ ಎಂದಳು. ನೀ ಮಾಡಿದ ಕಲ್ಲು ಗಟ್ಟಿಯಾಗಿ ನಿಂತ್ರೆ ನನ್ನ ಹೊಟ್ಟೇಲೂ ಗಟ್ಟಿಯಾಗಿ ನಿಂತ್ಕೊಳ್ಳುತ್ತೆ ಅನ್ಸುತ್ತೆ ಕಣೋ ಮೋಹನಾ. ಎಂಥ ಮಾತು, ಎಂಥ ಮಾತಿನ ಮೇಲೆ ಬದುಕು ತಂದು ಇಟ್ಟಳು, ಕಲ್ಲಿಗೂ ಹೊಟ್ಟೆಗೂ ಏನು ಸಂಬಂಧ ಅಕ್ಕ, ನೀನು ಬಿ.ಎ. ಓದಿದವಳಲ್ಲವೇ ಎಂದು ಅವತ್ತೇ ಗದರಿದ್ದರೆ ಆಗುತ್ತಿತ್ತು, ಅವನು ಗದರಲಿಲ್ಲ, ಹೆಮ್ಮೆಯಿಂದ ಉಬ್ಬಿಹೋದ. ಕೆತ್ತಿ ಮುಗಿಸಿದ ಮೇಲೆ ಅಕ್ಕನ ಮನೆ ಹಿತ್ತಲಿನ ತೊಟ್ಟಿಯಲ್ಲಿ ಕಲ್ಲನ್ನು ನೀರಲ್ಲಿ ಮಲಗಿಸಿದ್ದರು, ಪದ್ಧತಿಯಂತೆ, ದಿನಾ ಬೆಳಗ್ಗೆ ಅಕ್ಕ ತೊಟ್ಟಿಯ ಸುತ್ತ ಸುತ್ತುವಳು, ನೀರಿನೊಳಗೆ ಕೈ ಇಳಿಬಿಟ್ಟು ಮುಟ್ಟುವಳು, ಮುಟ್ಟಿದ ಕೈಯನ್ನು ಹೊಟ್ಟೆಯ ಮೇಲೆ ಒರೆಸಿಕೊಳ್ಳುವಳು, ಅತ್ತೆಯೇ ಇದನ್ನು ಅವನಿಗೆ ಹೇಳಿ ಕಣ್ಣು ತುಂಬಿಕೊಂಡಿದ್ದರು, ಮೊದಲಿನ ಹಂಗೆ ನಗ್ತಾಳೆ ಕಣಪ್ಪ ಈಗ, ನಿನ್ನ ಕೈಗೆ ಪುಣ್ಯ ಬರಲಿ. ಅಷ್ಟು ದಿನವೂ ಕಲ್ಲು ಒಳಗೊಳಗೇ ನೀರು ಕುಡಿಯುತ್ತಿತ್ತು. ನಿನ್ನೆ ಎತ್ತಿದಾಗ ಒದ್ದೆ ಪಂಚೆಯಲ್ಲಿ ಸುತ್ತಿ ತಂದರು, ಆರಲು ಬಿಡಲಿಲ್ಲ, ಇವತ್ತು ಈ ಬಿಸಿಲಿಗೇ ಮೊದಲು ಮೈ ತೋರಿಸಿದ್ದು.

ಎತ್ತಿ ತಟ್ಟಬೇಕಿತ್ತು. ಎತ್ತಿ. ಕೆಲಸಕ್ಕೆ ಸೇರಿದ ವಾರದಲ್ಲೇ ಹೇಳಿಕೊಟ್ಟ ಪಾಠ, ಉಳಿ ಹಿಡಿಯುವ ಮೊದಲು ಕಿವಿ ಹಿಡಿಯೋದು ಕಲಿ, ಕಲ್ಲನ್ನು ಎರಡು ಕೋಲಿನ ಮೇಲೆ ಎತ್ತಿ ಇಟ್ಟು ಸುತ್ತಿಗೆಯಲ್ಲಿ ತಟ್ಟು, ವಿನು ರಾ, ಕೇಳು, ಗಂಟೆ ಹಂಗೆ ಅಂದ್ರೆ ಒಳಗೆ ಗಟ್ಟಿ, ಮಡಕೆ ಹಂಗೆ ಅಂದ್ರೆ ಬಿಟ್ಟಾಕು, ರಾಯಿ ಅಬದ್ಧಂ ಚೆಪ್ಪದು, ಕಲ್ಲು ಸುಳ್ಳು ಹೇಳಲ್ಲ — ಆಚಾರ್ರಿಗೆ ಸಿಟ್ಟು ಬಂದರೂ ತೆಲುಗು, ಪ್ರೀತಿ ಬಂದರೂ ತೆಲುಗು. ಈ ಕಲ್ಲು ಬಂದ ದಿನ ಆಚಾರ್ರು ಕಣ್ಣಿನ ಪೊರೆ ತೆಗೆಸಲು ಚಿಂತಾಮಣಿಗೆ ಹೋಗಿದ್ದರು, ಲಾರಿಯವನು ಕಲ್ಲುಗಳನ್ನು ಶೆಡ್ಡಿನ ಮುಂದೆ ಒಂದರ ಮೇಲೊಂದು ಇಳಿಸಿ ಹೋಗಿದ್ದ, ಮೇಲಿನದೇ ಎಷ್ಟು ಚೆನ್ನಾಗಿತ್ತು, ನುಣ್ಣಗೆ, ಒಂದೇ ಬಣ್ಣ, ಎತ್ತಲು ಇನ್ನೊಬ್ಬ ಬೇಕಿತ್ತು, ಶೆಡ್ಡಿನ ಇನ್ನೊಬ್ಬ ಹುಡುಗ ಬಯ್ಯಪ್ಪ ಬರುವುದು ಮಧ್ಯಾಹ್ನ, ಅಲ್ಲಿಯವರೆಗೆ ಯಾರು ಕಾಯುತ್ತಾರೆ, ಮಲಗಿದ್ದ ಹಾಗೇ ತಟ್ಟಿದ, ಟಣ್ ಎಂದಿತು, ಎಷ್ಟು ಚೊಕ್ಕವಾಗಿ, ಇನ್ನೊಂದು ಸಲ ತಟ್ಟಿದ, ಮತ್ತೆ ಟಣ್. ದನಿ ಕೊಟ್ಟದ್ದು ಕೆಳಗಿನ ಕಲ್ಲು. ಗಟ್ಟಿ ಕಲ್ಲಿನ ಮೇಲೆ ಅಂಗಾತ ಮಲಗಿದ ಕಲ್ಲು ಕೆಳಗಿನದರ ದನಿಯನ್ನೇ ತನ್ನದು ಅನ್ನುತ್ತದೆ, ಅದಕ್ಕೇ ಎತ್ತಬೇಕು ಅನ್ನುವುದು, ಅದಕ್ಕೇ ಕೋಲು. ಆತುರಗಾರನಿಗೆ ಬುದ್ಧಿ ಮಟ್ಟ. ಆಚಾರ್ರು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಬಂದು, ತಟ್ಟಿ ನೋಡಿದ್ಯೇನೋ ಎಂದರು, ನೋಡಿದೆ ಗುರುಗಳೇ ಎಂದ, ನಿಜವನ್ನೇ ಹೇಳಿದ, ಅವರು ಎತ್ತಿ ನೋಡಿದ್ಯಾ ಎಂದು ಕೇಳಲಿಲ್ಲ, ಇಷ್ಟು ವರ್ಷ ಕಲಿತವನನ್ನು ಯಾರು ಕೇಳುತ್ತಾರೆ. ಆಮೇಲೆ ಗ್ರೈಂಡರು, ಅದರ ಗದ್ದಲದಲ್ಲಿ ಕಲ್ಲಿನ ದನಿ ಯಾವ ಮೂಲೆಗೆ, ಮಿಷನ್ ಹಿಡಿದೋನಿಗೆ ಮೊದ್ಲು ಹೋಗೋದು ಕಿವಿ ಎಂದು ಆಚಾರ್ರು ಗೊಣಗುತ್ತಿದ್ದರು, ಮುದುಕರು ಗೊಣಗುವುದೇ ಹಾಗೆ ಎಂದು ಅವನೂ ಬಯ್ಯಪ್ಪನೂ ನಕ್ಕಿದ್ದರು. ನಗು ಈಗ, ನಗೋ ಮೋಹನ್‌ಬಾಬು.

ಹತ್ತನೇ ಕ್ಲಾಸು ಮುಗಿದ ಮೇಲೆ ಬೇರೆ ಬೇರೆ ವಿದ್ಯೆಗೆ ಬಿದ್ದವರು ಅವನ ಜೊತೆಗೆ ಓದಿದವರೆಲ್ಲ, ಸುನೀಲ್‌ಕುಮಾರ್ ಶಿಡ್ಲಘಟ್ಟಕ್ಕೆ ಹೋಗಿ ರೇಷ್ಮೆ ನೂಲು ಬಿಚ್ಚುವುದು ಕಲಿತ, ಬಿಸಿನೀರಿನಲ್ಲಿ ಬೆರಳು ಬೆಂದು ಬೆಂದು ಕಲಿತ, ಎಳೆ ಹರಿದರೆ ಇನ್ನೊಂದು ಗೂಡಿನ ಎಳೆ ಎತ್ತಿ ಸೇರಿಸುತ್ತಾನೆ, ಶಿರೀಷಾ ಚಿಂತಾಮಣಿಯಲ್ಲಿ ಹೊಲಿಗೆ ಕಲಿತಳು, ತಪ್ಪಿದರೆ ಬಿಚ್ಚಿ ಹೊಲಿಯುತ್ತಾಳೆ, ಇವನೊಬ್ಬ ಕಲ್ಲಿನ ಹಿಂದೆ ಬಿದ್ದ, ಐ.ಟಿ.ಐ. ಸೇರೋ, ಅಪ್ರೆಂಟಿಸ್ ಮುಗಿಸಿದ್ರೆ ಫ್ಯಾಕ್ಟ್ರೀಲಿ ಕೂರಿಸ್ಕೊತಾರೆ ಎಂದು ಅಪ್ಪ ಮುನಿಶಾಮಪ್ಪ ಎಷ್ಟು ಹೇಳಿದ, ನಮ್ಮನೇಲಿ ನೇಗಿಲು ಹಿಡಿದವರಿದ್ದಾರೆ, ಉಳಿ ಹಿಡಿದವರು ಯಾರಿದ್ದಾರೋ ಎಂದ. ಕಲ್ಲನ್ನು ಬಿಚ್ಚಿ ಹೊಲಿಯುವ ವಿದ್ಯೆ ಇಲ್ಲ. ತಪ್ಪಿದ ಕಲ್ಲು ತಪ್ಪಿದ ಹಾಗೇ ನಿಲ್ಲುತ್ತದೆ, ಎಲ್ಲರ ಎದುರಿಗೆ, ಮಳೆಗಾಲ ಬಂದರೆ ಒಳಗೆ ನೀರು, ಬೇಸಿಗೆ ಬಂದರೆ ಒಳಗೆ ಕಾವು, ಒಂದು ದಿನ ಯಾರೋ ಪ್ರದಕ್ಷಿಣೆ ಬರುವಾಗ ಎಡಗಡೆ ಹಾವಿನ ಹೆಡೆ ಕಳಚಿ ಬಿದ್ದಿರುತ್ತದೆ, ಭಿನ್ನವಾಯಿತು, ಯಾರದಿದು, ಚಿಕ್ಕಬಳ್ಳಾಪುರದ ಕವಿತಮ್ಮಂದು, ಅಯ್ಯೋ ಪಾಪ, ಮಗು ಆಯ್ತಾ. ಹೇಳಿಬಿಡಬೇಕು. ಈಗಲೇ. ಅಕ್ಕಾ, ಇದು ಬೇಡ, ಬಿರುಕಿದೆ, ನಾನು ಎತ್ತಿ ತಟ್ಟಲಿಲ್ಲ. ಅಷ್ಟೇ ಮಾತು, ಬಾಯಿ ತೆರೆದರೆ ಮುಗಿಯಿತು, ಹೇಳಿದರೆ ಅಕ್ಕ ಗೋಡೆ ಕಡೆ ತಿರುಗಿ ಮಲಗುತ್ತಾಳೆ, ಸೋಮವಾರ ಬರುತ್ತದೆ ಹೋಗುತ್ತದೆ, ಗಾಜಿನ ಬಾಗಿಲಿಗೆ ಅವಳು ಹೋಗುವುದಿಲ್ಲ, ಯಾವತ್ತೂ ಹೋಗುವುದಿಲ್ಲ, ನೀನು ಮಾಡಿದ್ದೇ ಬಿರುಕು ಬಿಡ್ತಲ್ಲೋ ಎಂದು ಒಂದು ಸಲ ಕೂಡ ಅನ್ನುವುದಿಲ್ಲ, ಅದೇ ಅವನಿಗೆ ಭಯ. ಹೇಳದಿದ್ದರೆ ಸೋಮವಾರ ನಗುತ್ತ ಹೋಗುತ್ತಾಳೆ, ಆಮೇಲೆ ಅದೂ ಬಿಟ್ಟುಹೋದರೆ? ಬಿಸಿ ತುಪ್ಪ, ನುಂಗುವಂತಿಲ್ಲ ಉಗುಳುವಂತಿಲ್ಲ, ಗಂಟಲಿನಲ್ಲಿಟ್ಟುಕೊಂಡು ನಿಂತಿದ್ದಾನೆ, ಬೆನ್ನ ಹಿಂದೆ ಕಲ್ಲು ಒಣಗುತ್ತಿದೆ, ಅವನ ನೆರಳು ಬಿದ್ದಷ್ಟು ಜಾಗ ಮಾತ್ರ ನಿಧಾನವಾಗಿ.

ಬಿಸಿಲು ಜೋರಿದೆ, ಸ್ವಾಮಿಗೆ ತಂಪಾಗ್ಲಿ ಎನ್ನುತ್ತ ಆಚಾರ್ರು ಎದ್ದು ಬಂದು ಬಿಂದಿಗೆ ನೀರನ್ನು ಹೆಡೆಯ ಮೇಲಿಂದ ಸುರಿದರು. ಕಲ್ಲೆಲ್ಲ ಮತ್ತೆ ಕಪ್ಪಾಯಿತು, ಗೆರೆ ಕಪ್ಪಿನೊಳಗೆ ಕಪ್ಪಾಗಿ ಅಡಗಿತು, ಮೋಹನ್‌ಬಾಬುವಿಗೆ ಉಸಿರು ಬಂತು, ಅಪ್ಪಾ ದೇವರೇ, ಆಚಾರ್ರು ಗೊತ್ತಿಲ್ಲದೆಯೇ ಕಾಪಾಡಿದರು. ಪುಟ್ಟಸ್ವಾಮಯ್ಯನವರು ಸಂಕಲ್ಪ ಶುರು ಮಾಡಿದರು, ಗೋತ್ರ ಕೇಳಿದರು, ಭಾವ ತನ್ನ ಗೋತ್ರ ತಾಯಿಯ ಮುಖ ನೋಡಿ ಹೇಳಿದ, ನಗಬೇಕಾದ ಜಾಗ, ಅಕ್ಕ ನಕ್ಕಳು ಕೂಡ, ಆ ನಗುವಿನಲ್ಲೇ ಹೆಡೆಯ ತುದಿ ಬೆಳ್ಳಗಾಗತೊಡಗಿತ್ತು, ಕಣ್ಣಿನ ಪಕ್ಕ ಮತ್ತೆ ಆ ಕೂದಲೆಳೆ, ಎಲ್ಲಿಂದ ಬಂತೋ, ಕತ್ತಿಗೆ ಇಳಿಯಿತು, ಸುರುಳಿಗೆ — ಆಚಾರ್ರು ಇನ್ನೊಂದು ಬಿಂದಿಗೆ ಎತ್ತಿದರು. ಈ ಸಲ ಹೆಡೆಯ ಮೇಲಿಂದ ಸುರಿಯಲಿಲ್ಲ. ಅಂಗೈ ಅಡ್ಡವಿಟ್ಟು ಸರಿಯಾಗಿ ಅಲ್ಲಿಗೇ, ಕಣ್ಣಿನ ಪಕ್ಕಕ್ಕೇ, ಕತ್ತಿನ ಓರೆಗೇ ಹರಿಸಿದರು, ಹರಿಸುತ್ತ ಅವನ ಮುಖ ನೋಡಿದರು. ಪೊರೆ ತೆಗೆಸಿದ ಕಣ್ಣು, ನೀರು ತುಂಬಿದ ಹಾಗೆ ಯಾವಾಗಲೂ ಹೊಳೆಯುವ ಕಣ್ಣು. ಗೊತ್ತು. ಇವರಿಗೆ ಗೊತ್ತು. ಮೊದಲನೆಯ ಬಿಂದಿಗೆಗೇ ಗೊತ್ತಿತ್ತು. ಬೈಯಿರಿ ಗುರುಗಳೇ, ಇಲ್ಲೇ ಕಪಾಳಕ್ಕೆ ಹೊಡೆಯಿರಿ, ಮೊದಲ ವರ್ಷ ಉಳಿ ಹದ ಕೆಡಿಸಿದಾಗ ಕುಲುಮೆಯ ಮುಂದೆ ಹೊಡೆದಿರಲ್ಲ ಹಾಗೆ, ನಿಲ್ಲಿಸಿರಿ ಎಂದು ನೀವಾದರೂ ಹೇಳಿರಿ, ನೀವು ಹೇಳಿದರೆ ಅದು ಶಾಸ್ತ್ರವಾಗುತ್ತದೆ, ನಾನು ಹೇಳಿದರೆ ಎಡವಟ್ಟಾಗುತ್ತದೆ. ಆಚಾರ್ರು ಖಾಲಿ ಬಿಂದಿಗೆ ಕೆಳಗಿಟ್ಟರು, ಅಷ್ಟೇ. ಎಂಥ ಕಲ್ಲನ್ನೂ ಬಿಟ್ಟಾಕು ಎನ್ನುತ್ತಿದ್ದವರು, ಲಾರಿ ಕಲ್ಲನ್ನು ಲಾರಿಗೇ ವಾಪಸು ಕಳಿಸಿದವರು, ಅಕ್ಕನ ಮುಖ ನೋಡಿ ಮೆತ್ತಗಾದರೇ, ಇಲ್ಲವೇ ತಮ್ಮ ಶೆಡ್ಡಿನ ಹೆಸರಿಗೆ ಹೆದರಿದರೇ, ಅವನಿಗೆ ತಿಳಿಯಲಿಲ್ಲ, ಯಾವುದಾದರೂ ಅವನಿಗೆ ಒಂದೇ ಸಂಕಟ.

ಕಣ್ಣು ತೆಗೆಯೋರು ಬರ್ರಪ್ಪ, ಪುಟ್ಟಸ್ವಾಮಯ್ಯನವರು ಕರೆದರು. ಕಲ್ಲಿನಲ್ಲಿ ಕಣ್ಣೊಂದನ್ನು ಬಿಟ್ಟು ಎಲ್ಲ ಶೆಡ್ಡಿನಲ್ಲೇ ಆಗುತ್ತದೆ, ಕಣ್ಣು ಮಾತ್ರ ನೆಟ್ಟ ಮೇಲೆ, ಜನರ ಎದುರಿಗೆ, ಗುರುವಿನ ಕೈಯಲ್ಲಿ, ಆ ಏಟು ಬಿದ್ದ ಮೇಲೆ ಕಲ್ಲು ಕೆತ್ತಿದವನದ್ದಲ್ಲ. ಅದಕ್ಕೆ ಬೇರೆಯೇ ಉಳಿ, ಕಿರುಬೆರಳಷ್ಟು, ಆಚಾರ್ರ ಅಪ್ಪನ ಕಾಲದ್ದು, ಸೊಂಟದ ಚೀಲದಲ್ಲಿರುತ್ತದೆ, ಶಿಷ್ಯ ಮುಟ್ಟುವಂತಿಲ್ಲ, ಕಸ ಗುಡಿಸುವಾಗ ಸಿಕ್ಕರೂ ಕಾಗದದಲ್ಲಿ ಎತ್ತಿಡಬೇಕು, ಯಾವತ್ತು ಗುರು ಅದನ್ನು ತಾನಾಗಿ ಕೈಗೆ ಕೊಡುತ್ತಾನೋ ಅವತ್ತಿಗೆ ಕಲಿಕೆ ಮುಗಿಯಿತು, ಅಲ್ಲಿಯವರೆಗೆ ಹುಡುಗ, ಅವತ್ತಿನಿಂದ ಶಿಲ್ಪಿ. ಎಷ್ಟು ಸಲ ಕನಸಿನಲ್ಲಿ ಕಂಡಿದ್ದ ಅದನ್ನು, ಶೆಡ್ಡಿನಲ್ಲಿ ಯಾರೂ ಇಲ್ಲದಾಗ ಬಗ್ಗಿ ವಾಸನೆ ನೋಡಿದ್ದ ಕೂಡ, ಕಬ್ಬಿಣ ಮತ್ತು ಎಣ್ಣೆ. ಆಚಾರ್ರು ಚೀಲ ಬಿಚ್ಚಿದರು, ಉಳಿಯನ್ನು ಕಣ್ಣಿಗೆ ಒತ್ತಿಕೊಂಡರು, ಹಿಡಿಕೆಯನ್ನು ಅವನ ಕಡೆಗೆ ತಿರುಗಿಸಿದರು. ನೀನೇ ತೆಗಿ. ವರಲಕ್ಷ್ಮಮ್ಮನವರು ಅಯ್ಯೋ ನಮ್ಮಪ್ಪ ಎಂದು ಸಂತೋಷಪಟ್ಟರು, ಭಾವ ಮೊಬೈಲು ತೆಗೆದ, ಅಕ್ಕ ಎರಡು ಕೈಯಲ್ಲಿ ಬಾಯಿ ಮುಚ್ಚಿಕೊಂಡಳು, ಕಣ್ಣು ಮಾತ್ರ ಕಾಣುತ್ತಿತ್ತು, ಆ ಕಣ್ಣಿನಲ್ಲಿ ಅಷ್ಟು ಹೆಮ್ಮೆ. ಹೀಗಾ ಕೊಡುವುದು ಇದನ್ನ, ಹೀಗಾ. ಒಡೆದರೆ ಶಿಷ್ಯನ ಕೈಯಲ್ಲೇ ಒಡೆಯಲಿ ಎಂದು ಕೊಟ್ಟರೋ, ತನ್ನ ನಡುಗುವ ಕೈಗಿಂತ ಇವನದು ಹಗುರ ಎಂದು ಕೊಟ್ಟರೋ, ಕಲಿತಿದ್ದೀಯಾ ಎಂದು ಕೊಟ್ಟರೋ, ಇನ್ನು ಕಲಿಸಲಾರೆ ಎಂದು ಕೊಟ್ಟರೋ. ಉಳಿ ತಣ್ಣಗಿತ್ತು. ಕಿವಿಯ ಹತ್ತಿರ ಆಚಾರ್ರ ಉಸಿರು, ಮೆಲ್ಲಗಾ, ಮೆಲ್ಲಗಾ.

ಬಲಗಡೆಯ ಕಣ್ಣು ಮೊದಲು. ಟಕ್. ಬಂತು. ಎಡಗಡೆಗೆ ಸರಿದ, ಗೆರೆ ಕಣ್ಣಿನಿಂದ ಒಂದು ಅಕ್ಕಿಕಾಳಿನಷ್ಟು ದೂರ, ನೀರು ಆರುತ್ತಿದೆ, ಅಂಚು ಬೆಳ್ಳಗಾಗುತ್ತಿದೆ, ಉಳಿಯ ತುದಿ ಇಟ್ಟ, ಸುತ್ತಿಗೆ ಎತ್ತಿದ, ಜೋರಾದರೆ ಹೆಡೆ ಪುಟ್ಟಸ್ವಾಮಯ್ಯನವರ ಕಾಲ ಬಳಿ ಬೀಳುತ್ತದೆ, ಮೆತ್ತಗಾದರೆ ಕಣ್ಣು ಮೂಡುವುದಿಲ್ಲ, ಕುರುಡು ಹಾವು, ಬೀಳಲಿ, ಬಿದ್ದರೆ ಬಾಯಿ ಬಿಡುವುದು ತಪ್ಪುತ್ತದೆ, ಬೀಳಬೇಡ, ನಿನ್ನ ಕಾಲಿಗೆ ಬೀಳುತ್ತೇನೆ, ಸೋಮವಾರ ದಾಟಿಸು, ಸೋಮವಾರ ದಾಟಿದ ಮೇಲೆ ಬೇಕಾದರೆ ನನ್ನ ಮೇಲೇ ಬೀಳು — ಹೊಡೆದ. ನಿಂತಿತು. ಕಣ್ಣು ಮೂಡಿತು. ದನಿ ಮಾತ್ರ ಠೊಪ್ ಎಂದಿತು, ಹಸಿ ಮಡಕೆಗೆ ಬೆರಳು ಬಡಿದ ಹಾಗೆ. ನೆಟ್ಟ ಕಲ್ಲು ದನಿ ಕೊಡಲ್ಲ ಬಿಡಿ ಎಂದು ಆಚಾರ್ರು ಯಾರೂ ಕೇಳದಿದ್ದರೂ ಹೇಳಿದರು, ಹೇಳಿ ಆಚೆ ತಿರುಗಿ ಕೆಮ್ಮಿದರು. ವರಲಕ್ಷ್ಮಮ್ಮನವರು ಕನ್ನಡಿ ಹಿಡಿದರು, ತೆರೆದ ಕಣ್ಣು ಮೊದಲು ತನ್ನನ್ನೇ ನೋಡಿಕೊಳ್ಳಬೇಕು, ಮನುಷ್ಯರ ಮೇಲೆ ಬೀಳಬಾರದು, ಮೋಹನ್‌ಬಾಬು ಕನ್ನಡಿಯೊಳಗೆ ನೋಡಿದ, ಎರಡು ಹೆಡೆ, ಎರಡು ಕಣ್ಣು, ಅಲ್ಲೂ ಇತ್ತು ಗೆರೆ, ಈ ಸಲ ಬಲಗಡೆಗೆ.

ಅರಿಸಿನ ಹಚ್ಚಮ್ಮ, ಮೇಲಿಂದ ಕೆಳಕ್ಕೆ, ಬರಿಗೈಯಲ್ಲಿ ಎಂದರು ಪುರೋಹಿತರು. ಅಕ್ಕ ಬಟ್ಟಲು ಹಿಡಿದು ಕೂತಳು. ಹಚ್ಚು ಅಕ್ಕ, ದಪ್ಪಗೆ ಹಚ್ಚು, ಬೇಗ ಹಚ್ಚು, ಅರಿಸಿನ ಮೆತ್ತಿದ ಮೇಲೆ ಯಾರಿಗೂ ಏನೂ ಕಾಣುವುದಿಲ್ಲ, ಹಾಲು, ಹೂವು, ಕುಂಕುಮ, ಮಂಗಳಾರತಿ, ಆಮೇಲೆ ಊಟ, ಆಮೇಲೆ ಗೌರಿಬಿದನೂರಿನ ತನಕ ಒಟ್ಟಿಗೆ ಹೋಗಣ, ಆಮೇಲೆ ಸೋಮವಾರ. ಬಲಗಡೆ ಹಾವು ಹಳದಿಯಾಯಿತು. ಲಿಂಗ ಹಳದಿಯಾಯಿತು. ತೊಟ್ಟಿಯ ನೀರಿನೊಳಗೆ ದಿನಾ ಮುಟ್ಟಿದ ಕೈ, ಎಲ್ಲಿ ಹುಬ್ಬು ಎಲ್ಲಿ ತಗ್ಗು ಎಂದು ಬಲ್ಲ ಕೈ, ಆದರೆ ನೀರಿನೊಳಗೆ ಬೆರಳು ಜಾರುತ್ತದೆ, ಅಲ್ಲಿ ಸಿಕ್ಕಿರಲಿಲ್ಲ, ಇಲ್ಲಿ ಬಿಸಿಲು, ಕಲ್ಲು ಒಣಗಿದೆ, ಅಕ್ಕನ ತೋರುಬೆರಳು ಎಡಗಡೆಯ ಹೆಡೆಗೆ ಬಂತು, ಹೊಸ ಕಣ್ಣನ್ನು ಸುತ್ತಿ ಬಂತು, ಮಗುವಿಗೆ ಕಾಡಿಗೆ ಹಚ್ಚುವವರ ಹಾಗೆ, ಕಣ್ಣಿನ ಪಕ್ಕಕ್ಕೆ ಇಳಿಯಿತು, ನಿಂತಿತು. ಮುಂದಕ್ಕೆ ಹೋಗಲಿಲ್ಲ. ಉಗುರು ಏನನ್ನೋ ಹಿಡಿದಂತೆ ಒಂದಿಷ್ಟು ಕೆಳಗೆ ಜಾರಿ, ಮತ್ತೆ ಮೇಲೆ ಹೋಗಿ, ಮತ್ತೆ ಅಲ್ಲೇ ನಿಂತಿತು. ಅಕ್ಕ ತಲೆ ಎತ್ತಲಿಲ್ಲ. ಮೋಹನಾ, ಇದೂ ನೀನೇ ಕೆತ್ತಿದ್ದೇನೋ ಎಂದಳು, ಬೇರೆಯವರಿಗೆ ಕೇಳದಷ್ಟು ಸಣ್ಣಗೆ. ಹೂಂ ಅಕ್ಕ ಅನ್ನಬಹುದು, ಹಾವಿನ ಮೈಮೇಲಿನ ಗೆರೆ ಎಂದರೆ ನಂಬುತ್ತಾಳೆ, ಇಲ್ಲ, ನಂಬುವುದಕ್ಕೆಂದೇ ಕೇಳುತ್ತಿದ್ದಾಳೆ, ಗೊತ್ತಾಗಿಯೇ ಕೇಳುತ್ತಿದ್ದಾಳೆ, ಹೂಂ ಅಂದುಬಿಡು ಎಂದು ಬೇಡುತ್ತಿದ್ದಾಳೆ, ಆಚಾರ್ರು ಬಿಂದಿಗೆಗೆ ಬಗ್ಗಿದರು, ಬಿಂದಿಗೆ ಖಾಲಿ, ಪುಟ್ಟಸ್ವಾಮಯ್ಯನವರು ಮುಂದಿನ ಮಂತ್ರಕ್ಕೆ ಕಾಯುತ್ತಿದ್ದಾರೆ, ಕೈಯಲ್ಲಿ ಉಳಿ, ಇನ್ನೂ ಕೈಯಲ್ಲೇ ಇದೆ ಉಳಿ, ಬಾಯಿ ತೆರೆದಿದೆ, ಅಕ್ಕ ಕಾಯುತ್ತಿದ್ದಾಳೆ, ಹಳದಿ ಬೆರಳು, ಬೆರಳಿನ ಎರಡೂ ಪಕ್ಕ ಒಣಗಿದ ಕಲ್ಲು, ಬೆರಳಿನ ಕೆಳಗೆ ಒದ್ದೆ, ಹಚ್ಚಿದ ಅರಿಸಿನ ಅಲ್ಲಿ ಮಾತ್ರ ಹಸಿಯಾಗಿದೆ, ಬೆರಳು, ಅದರ ಕೆಳಗೆ ಗೆರೆ, ಬೆರಳು